ಕೆಮ್ಮು ನುಂಗಲು ಕಲಿಸಿದ ಪೊರ್ಬುಗಳು

ಎದುರಿಗಿದ್ದವರು ಯಾರಾದರೂ ಕೆಮ್ಮಿದರೆ ಗ್ರೆಗರಿಯವರ ಬಲಗೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಊಟಕ್ಕೆ ಕುಳಿತಿರಲಿ, ಮಾತಿನ ನಡುವೆ ಇರಲಿ, ಇಗರ್ಜಿಯಲ್ಲಿ ಮೊಣಕಾಲೂರಿರಲಿ, ಸದ್ದು ಕಿವಿಗೆ ಬಿದ್ದದ್ದೇ ತಡ, ಆ ಕೈ ಒಂದು ಚಪ್ಪಟೆ ತಗಡಿನ ಡಬ್ಬಿಯನ್ನು ಹೊರತೆಗೆಯುತ್ತಿತ್ತು. ಯಾವ ಕಾಲದಲ್ಲೋ ಪೆಪ್ಪರ್‌ಮಿಂಟ್ ತುಂಬಿಕೊಂಡು ಬಂದ ಡಬ್ಬಿ. ಈಗ ಅದರಲ್ಲಿ ಲವಂಗ. ಒಂದನ್ನು ಕೆಮ್ಮಿದವನ ಅಂಗೈಗೆ ಹಾಕಿ, ಪಾದ್ರಿಗಳು ಮಂತ್ರ ಹೇಳುವಷ್ಟೇ ನಿಧಾನವಾಗಿ ಹೇಳುತ್ತಿದ್ದರು:

"ಬಾಯಿಗೆ ಹಾಕು. ಅಗಿಬೇಡ. ಕೆನ್ನೆಯ ಮೂಲೆಯಲ್ಲಿ ಇಟ್ಕೋ. ನಾಲಿಗೆ ಮೇಲೆ ಒತ್ತಿ ಹಿಡಿ, ಗದ್ದ ಕೆಳಗೆ, ಮೂಗಲ್ಲಿ ಮೆಲ್ಲ ಉಸಿರು. ಆದರೂ ಬಂತಾ? ನುಂಗು. ರೂಮಿಗೆ ಹೋಗಿ ಬೇಕಾದಷ್ಟು ಕೆಮ್ಮು, ಯಾರು ಬೇಡ ಹೇಳ್ತಾರೆ ಮಾರಾಯ?"

ನನಗೆ ಈಗ ಎಪ್ಪತ್ತು ದಾಟಿದೆ. ಓದಿದ್ದು ಎಸ್ಸೆಸ್ಸೆಲ್ಸಿ. ಗದಗದ ಕಡೆಯವನು. ದುಬೈಯ ರಾಸ್ ಅಲ್ ಖೋರಿನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತ ಆಯುಷ್ಯದ ಒಳ್ಳೆಯ ಪಾಲನ್ನು ಕಳೆದೆ. ಬರೆದು ರೂಢಿಯಿಲ್ಲ. ಆದರೂ ಆ ಮನುಷ್ಯನ ಬಗ್ಗೆ ಒಂದು ಸುಳ್ಳು ಲೋಕದಲ್ಲಿ ಉಳಿದುಬಿಟ್ಟಿದೆ. ಅದನ್ನು ತಿದ್ದಬಲ್ಲವನು ನಾನೊಬ್ಬನೇ. ಅದಕ್ಕಾಗಿ ಕುಳಿತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿಗೆ ಹೋದಾಗ ಗ್ರೆಗರಿ ಕಂಪನಿಯ ಆಫೀಸಿನಲ್ಲಿ ವೀಸಾ ಕಾಗದಗಳ ಕೆಲಸ ನೋಡುತ್ತಿದ್ದರು. ಕಿನ್ನಿಗೋಳಿಯ ಹತ್ತಿರದವರು, ಮನೆಮಾತು ಕೊಂಕಣಿ. ಗ್ಯಾರೇಜಿನ ತುಳು ಹುಡುಗರು ಅವರನ್ನು 'ಪೊರ್ಬುಗಳೇ' ಎಂದು ಕರೆಯುತ್ತಿದ್ದರು. ಕರಾವಳಿಯಲ್ಲಿ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗಂತೆ. ಬಯಲುಸೀಮೆಯವರಾದ ನಾವು ಅದೇ ಅವರ ಹೆಸರು ಎಂದುಕೊಂಡುಬಿಟ್ಟೆವು. ನಾನು ಮಾತ್ರ ನಮ್ಮ ಕಡೆಯ ರೂಢಿಯಂತೆ 'ಅಣ್ಣಾರ' ಎನ್ನುತ್ತಿದ್ದೆ.

ವೀಸಾ ಹೊಸದು ಮಾಡಿಸುವಾಗಲೆಲ್ಲ ಮೆಡಿಕಲ್ ಎಂಬ ಗಂಡಾಂತರ ಒಂದಿತ್ತು. ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು. ಎದೆಯಲ್ಲಿ ಕಲೆ ಕಂಡರೆ ಖಲಾಸ್, ಊರಿಗೆ ವಾಪಸ್. ಕಂಪನಿಯ ವ್ಯಾನಿನಲ್ಲಿ ನಮ್ಮನ್ನು ತುಂಬಿಕೊಂಡು ಹೋಗುವುದು ಪೊರ್ಬುಗಳ ಕೆಲಸ. ಬಿಳಿ ಅರ್ಧತೋಳಿನ ಅಂಗಿ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಕೈಯಲ್ಲಿ ಪಾಸ್‌ಪೋರ್ಟುಗಳ ಚೀಲ. ನಾನು ಬಣ್ಣದ ಧೂಳು ಕುಡಿಯುವವನು, ಗಂಟಲು ಸದಾ ಕೆರೆಯುತ್ತಿತ್ತು. ಮೊದಲ ಸಲ ಸಾಲಿನಲ್ಲಿ ನಿಂತು ಹೆದರಿಕೆಯಿಂದಲೇ ಕೆಮ್ಮಿದೆ. ಹಿಂದೆ ಮುಂದೆ ಇದ್ದವರು ಒಂದು ಹೆಜ್ಜೆ ಸರಿದು ನಿಂತರು. ಪೊರ್ಬುಗಳು ಮಾತ್ರ ಹತ್ತಿರ ಬಂದರು.

"ಎಂತ, ಟಿಬಿಯಾ?"

"ಇಲ್ರೀ ಅಣ್ಣಾರ, ಪೇಂಟಿನ ಧೂಳ ಐತಿ."

"ಹಾಗಾದ್ರೆ ಹೆದರಿಕೆ ಯಾಕೆ? ಎಕ್ಸ್‌ರೇ ಸುಳ್ಳು ಹೇಳುದಿಲ್ಲ. ಕೆಮ್ಮು ಸುಳ್ಳು ಹೇಳ್ತದೆ. ಡಾಕ್ಟ್ರ ಎದುರು ಕೆಮ್ಮಿದ್ರೆ ಅವರಿಗೆ ಸಂಶಯ, ಇನ್ನೊಂದು ಟೆಸ್ಟು, ಮತ್ತೊಂದು ಟೆಸ್ಟು, ನನಗೆ ಹತ್ತು ಸಲ ಓಡಾಟ. ಹಿಡಿ ಇದನ್ನು."

ಹೀಗೆ ನನಗೆ ಮೊದಲ ಲವಂಗ ಸಿಕ್ಕಿತು. ಡಾಕ್ಟರು ಕೇಳಿದಾಗ "ಫಿಟ್ ಸರ್, ಫುಲ್ ಫಿಟ್" ಎನ್ನಬೇಕೆಂದೂ ಅವರೇ ಹೇಳಿಕೊಟ್ಟರು. ಆ ಮೇಲೆ ನಾನು ಎಷ್ಟು ಮೆಡಿಕಲ್ ದಾಟಿದೆನೋ, ಎಷ್ಟು ಜ್ವರಗಳನ್ನು ಮಾತ್ರೆ ನುಂಗಿ ಡ್ಯೂಟಿಯಲ್ಲೇ ಕಳೆದೆನೋ. ಗಲ್ಫಿನಲ್ಲಿ ಕಾಯಿಲೆ ಎನ್ನುವುದು ನಾವು ಮಾಡಿದ ತಪ್ಪಿನಂತೆ ಇತ್ತು. ಅದನ್ನು ಯಾರಿಗೂ ಕಾಣದಂತೆ ಇಟ್ಟುಕೊಳ್ಳುವುದೇ ಜಾಣತನ.

ಪೊರ್ಬುಗಳು ನಮ್ಮ ಜೊತೆಗೇ ಅಲ್ ಕುಸೈಸಿನ ಲೇಬರ್ ಕ್ಯಾಂಪಿನಲ್ಲಿ ಇದ್ದರು. ಆಫೀಸಿನವರಾದ್ದರಿಂದ ಬೇರೆ ರೂಮು ಸಿಗುತ್ತಿತ್ತು, ಅವರೇ ಬೇಡವೆಂದಿದ್ದರು. "ಒಬ್ಬನೇ ಮಲಗಿದ್ರೆ ಗೊರಕೆ ಕೇಳುದಿಲ್ಲ, ನಿದ್ದೆ ಬರುದಿಲ್ಲ" ಎನ್ನುತ್ತಿದ್ದರು. ಕಿತ್ತಳೆಯ ಸಿಪ್ಪೆಯನ್ನು ಎಲ್ಲೂ ಹರಿಯದೆ ಒಂದೇ ಎಳೆಯಾಗಿ ಬಿಡಿಸಿ, ಅದನ್ನು ಮತ್ತೆ ಗುಂಡಗೆ ಸುತ್ತಿ ಖಾಲಿ ಹಣ್ಣಿನಂತೆ ಕಿಟಕಿಯಲ್ಲಿ ಇಡುತ್ತಿದ್ದರು. ಯಾರಾದರೂ ಮೋಸ ಹೋಗಿ ಕೈಹಾಕಿದರೆ ಆ ದಿನವೆಲ್ಲ ಅವರಿಗೆ ಖುಷಿ. 'ಖಲಾಸ್' ಎಂಬ ಒಂದೇ ಮಾತನ್ನು ಬೈಯಲಿಕ್ಕೂ, ಸಮಾಧಾನ ಮಾಡಲಿಕ್ಕೂ, ಚಹಾ ಮುಗಿಯಿತೆನ್ನಲಿಕ್ಕೂ ಬಳಸುತ್ತಿದ್ದರು. ಅಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬರುವಾಗ ಪೇಪರಿನಲ್ಲಿ ಗೋಳಿಬಜೆ ಕಟ್ಟಿಸಿಕೊಂಡು ಬಂದು, "ಪ್ರಸಾದ" ಎಂದು ನಮಗೆಲ್ಲ ಹಂಚುತ್ತಿದ್ದರು.

ಒಂದು ಚಳಿಗಾಲದಲ್ಲಿ ಆ ಮನುಷ್ಯ ಬದಲಾದರು. ಕಾರಿನ ತಗ್ಗು ಬಡಿದು ಸರಿಮಾಡುವ ಡೆಂಟಿಂಗ್ ಕೆಲಸದ ಮಹಾದೇವ ಎಂಬವನಿದ್ದ, ಕಲಬುರ್ಗಿ ಕಡೆಯವನು. ಅವನ ಮೆಡಿಕಲ್ ಮುಗಿದು ಬಹಳ ಕಾಲವಾಗಿತ್ತು, ಮುಂದಿನದಕ್ಕೆ ಇನ್ನೂ ದಿನವಿತ್ತು. ಈ ನಡುವೆ ಅವನಿಗೆ ಕೆಮ್ಮು ಹಿಡಿಯಿತು. ದಿನಾ ಪೊರ್ಬುಗಳ ಹತ್ತಿರ ಬಂದು ಲವಂಗ ಈಸಿಕೊಳ್ಳುತ್ತಿದ್ದ. ಅವರೂ ಕೊಡುತ್ತಿದ್ದರು. ಡಾಕ್ಟರಿಗೆ ತೋರಿಸು ಎಂದು ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ಅವನು ರಕ್ತ ಕಾರಿದ. ಆಸ್ಪತ್ರೆ, ಆಮೇಲೆ ಊರಿನ ಟಿಕೆಟ್ಟು. ಏರ್‌ಪೋರ್ಟಿಗೆ ಬಿಟ್ಟು ಬಂದವರು ಪೊರ್ಬುಗಳೇ. ಮಹಾದೇವ ಮನೆ ಸೇರಿ ಹೆಚ್ಚು ದಿನ ಉಳಿಯಲಿಲ್ಲ.

ಸುದ್ದಿ ಬಂದ ದಿನ ಪೊರ್ಬುಗಳು ಕ್ಯಾಂಪಿನ ಅಡುಗೆಮನೆಯ ಹಿಂದೆ ಹೋಗಿ ಡಬ್ಬಿಯನ್ನು ಮರಳಿನ ಮೇಲೆ ಬೋರಲು ಹಾಕಿದರು. ಆಮೇಲೆ ಯಾರು ಕೆಮ್ಮಿದರೂ ಕೈ ಜೇಬಿಗೇನೋ ಹೋಗುತ್ತಿತ್ತು, ಆದರೆ ಖಾಲಿ ಡಬ್ಬಿ ಮುಟ್ಟಿ ಹೊರಬರುತ್ತಿತ್ತು. "ನಾಳೆ ನಾನೇ ಕರ್ಕೊಂಡು ಹೋಗ್ತೇನೆ. ಡಾಕ್ಟ್ರಿಗೆ ತೋರಿಸುವಾ. ಎಂತದೂ ಆಗುದಿಲ್ಲ, ನಾನಿದ್ದೇನೆ" ಎನ್ನುತ್ತಿದ್ದರು. ಹಾಗೆಯೇ ಕರೆದುಕೊಂಡೂ ಹೋಗುತ್ತಿದ್ದರು. ಅವರು ತಮ್ಮ ಪಾಠವನ್ನು ಬಿಟ್ಟರು. ನಾನು ಬಿಡಲಿಲ್ಲ. ಮಲಯಾಳಿ ಅಂಗಡಿಯಲ್ಲಿ ನಾನೇ ಲವಂಗ ಕೊಂಡು ಇಟ್ಟುಕೊಳ್ಳತೊಡಗಿದೆ.

ಇದೆಲ್ಲ ಆಗಿ ಕೆಲವು ವರ್ಷ ಕಳೆದ ಮೇಲೆ, ಎರಡು ಸಾವಿರ ದಾಟಿದ ಕಾಲದಲ್ಲಿ, ನಮ್ಮ ಕ್ಯಾಂಪಿನ ಗೇಟಿಗೆ ಮೋಸೆಸ್ ಎಂಬ ಹೊಸ ವಾಚ್‌ಮನ್ ಬಂದ. ಉಗಾಂಡಾದವನು. ಅವನ ಹಳ್ಳಿ ಇದ್ದದ್ದು ಬ್ವಿಂಡಿ ಎಂಬ ದಟ್ಟ ಮಳೆಕಾಡಿನ ಅಂಚಿನಲ್ಲಿ. ಪೊರ್ಬುಗಳು ಸಂಜೆ ಹೊತ್ತು ಅವನ ಕ್ಯಾಬಿನ್ನಿನಲ್ಲಿ ಕುಳಿತು ಹಿಂದಿ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು. ನಾನೂ ಹೋಗಿ ಬಾಗಿಲ ಹತ್ತಿರ ಕೂರುತ್ತಿದ್ದೆ. ಮೋಸೆಸ್ ಗೊರಿಲ್ಲಾಗಳ ಬಗ್ಗೆ ನೆಂಟರ ಬಗ್ಗೆ ಹೇಳುವಂತೆ ಹೇಳುತ್ತಿದ್ದ.

"ನಮ್ಮಮ್ಮ ಬಾಳೆತೋಟದಿಂದ ಅವುಗಳನ್ನು ಓಡಿಸುತ್ತಾಳೆ. ಬೆನ್ನು ಬೆಳ್ಳಗಾದ ದೊಡ್ಡ ಗಂಡು ಇದೆಯಲ್ಲ, ಅದು ಓಡುವುದಿಲ್ಲ. ನಮ್ಮ ತಾತ ಕಂದಾಯ ಕೇಳಲು ಬಂದವನನ್ನು ನೋಡುತ್ತಿದ್ದನಲ್ಲ, ಹಾಗೆ ಸುಮ್ಮನೆ ನೋಡುತ್ತದೆ."

ಬೆಟ್ಟದ ಈ ಜಾತಿ ಲೋಕದಲ್ಲೆಲ್ಲ ಸೇರಿ ಕೆಲವೇ ನೂರು ಉಳಿದಿವೆ ಎಂದೂ, ಅವುಗಳನ್ನು ನೋಡಲು ದೂರದ ದೇಶಗಳಿಂದ ಜನ ಬರುತ್ತಾರೆ ಎಂದೂ ಅವನು ಹೇಳಿದ. ಪೊರ್ಬುಗಳು ನನ್ನ ಕಡೆ ತಿರುಗಿದರು.

"ಶಂಕ್ರಪ್ಪ, ನಾನು ಜನ್ಮ ಇಡೀ ಮನುಷ್ಯರನ್ನು ಮೆಡಿಕಲ್ ಸಾಲಿನಲ್ಲಿ ನಿಲ್ಲಿಸಿದವ. ಅವರ ಮುಖ ನೋಡಿ ನೋಡಿ ಸಾಕಾಯ್ತು. ಎಲ್ಲರ ಕಣ್ಣಲ್ಲಿಯೂ ಅದೇ, ನನ್ನನ್ನು ಫೇಲ್ ಮಾಡ್ಬೇಡಿ, ಫೇಲ್ ಮಾಡ್ಬೇಡಿ. ಒಂದು ಸಲ, ಸಾಯುವ ಮೊದಲು ಒಂದೇ ಸಲ, ವೀಸಾ ಇಲ್ಲದ, ಮೆಡಿಕಲ್ ಇಲ್ಲದ, ಯಾರಿಗೂ ಹೆದರದ ಒಂದು ಮುಖ ನೋಡ್ಬೇಕು ಮಾರಾಯ. ಅವನ ಊರಿಗೇ ಹೋಗಿ ನೋಡ್ಬೇಕು."

ತಮಾಷೆ ಎಂದುಕೊಂಡೆ. ಅಲ್ಲ. ಅವರು ನಿವೃತ್ತಿಯ ಅಂಚಿನಲ್ಲಿದ್ದರು. ವಿಮಾನ ಹತ್ತಿದ್ದು ದುಬೈ ಮತ್ತು ಊರಿನ ನಡುವೆ ಬಿಟ್ಟರೆ ಇಲ್ಲ. ಹೆಂಡತಿ ಐರಿನ್ ಬಾಯಿಯವರಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯ ಬೈಗುಳ ನನಗೂ ಕೇಳಿಸಿತು. ಪೊರ್ಬುಗಳು ಫೋನ್ ಇಟ್ಟು ನಗುತ್ತ ಕನ್ನಡಕ್ಕೆ ತಿರುಗಿಸಿ ಹೇಳಿದರು: "ಮಂಗ ನೋಡ್ಲಿಕ್ಕೆ ಆಫ್ರಿಕಾಕ್ಕೆ ಯಾಕೆ ಹೋಗ್ಬೇಕು, ಹಿತ್ತಲಿನ ಪಪ್ಪಾಯಿ ಮರದಲ್ಲಿ ಬೇಕಾದಷ್ಟು ಉಂಟು, ಬಂದು ಓಡಿಸಿ ಅಂತಾಳೆ!"

ಅವರ ಮೊಣಕಾಲು ನೋಯುತ್ತಿತ್ತು, ಒಬ್ಬರೇ ಹೋಗುವಂತಿರಲಿಲ್ಲ. ಗೊರಿಲ್ಲಾ ನೋಡಲು ಬೇಕಾದ ನನ್ನ ಪರ್ಮಿಟನ್ನೂ ಅವರೇ ತೆಗೆಸಿದರು. ಮೋಸೆಸನ ರಜೆಗೆ ನಮ್ಮ ರಜೆ ಹೊಂದಿಸಿಕೊಂಡೆವು. ಹೊರಡುವ ಮುಂಚೆ ಮೋಸೆಸ್ ಒಂದು ಎಚ್ಚರಿಕೆ ಕೊಟ್ಟ. ಮನುಷ್ಯರ ಕೆಮ್ಮು ನೆಗಡಿ ಗೊರಿಲ್ಲಾಗಳಿಗೂ ಅಂಟುತ್ತದೆ, ನಮಗೆ ನೆಗಡಿಯಾದದ್ದು ಅವಕ್ಕೆ ಸಾವಾಗಬಹುದು. ಆದ್ದರಿಂದ ಹುಷಾರಿಲ್ಲದವರನ್ನು ಕಾಡಿಗೆ ಬಿಡುವುದಿಲ್ಲ.

ಪೊರ್ಬುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡು ಶಂಕ್ರಪ್ಪ! ಅಲ್ಲಿಯೂ ಮೆಡಿಕಲ್! ಆದ್ರೆ ಈ ಸಲ ಡಾಕ್ಟ್ರು ಅವನು."

ಉಗಾಂಡಾದ ಎಂಟೆಬೆ ವಿಮಾನನಿಲ್ದಾಣದಲ್ಲಿ ಇಳಿದು ಬಸ್ಸಿನಲ್ಲಿ ಪ್ರಯಾಣ. ಕೆಂಪು ಧೂಳಿನ ದಾರಿ, ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಮೇಲೇರಿದಂತೆ ಚಳಿ. ಮೋಸೆಸನ ಊರು ತಲುಪುವಷ್ಟರಲ್ಲಿ ನನಗೆ ಗಂಟಲು ಕಟ್ಟಿ, ಮೈ ಬಿಸಿಯಾಗಿತ್ತು. ಇದು ಧೂಳಿನ ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ಎಷ್ಟೋ ವರ್ಷಗಳ ಅನುಭವದಿಂದ ನನ್ನ ಕೆಮ್ಮುಗಳನ್ನು ನಾನು ಬೇರೆಬೇರೆಯಾಗಿ ಗುರುತಿಸಬಲ್ಲವನಾಗಿದ್ದೆ. ಮೋಸೆಸನ ತಾಯಿ ಕೊಟ್ಟ ಬೇಯಿಸಿದ ಬಾಳೆಕಾಯಿ ತಿಂದು, ಎರಡು ಮಾತ್ರೆ ನುಂಗಿ, ಕಂಬಳಿಯೊಳಗೆ ಬಾಯಿಗೆ ಟವೆಲ್ ಒತ್ತಿಕೊಂಡು ಮಲಗಿದೆ.

ಬೆಳಿಗ್ಗೆ ಪೊರ್ಬುಗಳು ಶೂ ಕಟ್ಟಿಕೊಳ್ಳುತ್ತ ಕೇಳಿದರು, "ಹೇಗಿದ್ದೀ?"

"ಏನಿಲ್ರಿ ಅಣ್ಣಾರ. ಧೂಳು."

"ಧೂಳೇ ಅಲ್ವಾ?"

"ಧೂಳೇರಿ."

ಅವರು ನನ್ನ ಮುಖವನ್ನೇ ನೋಡಿದರು. "ಬೇರೆ ಎಂತದಾದ್ರೂ ಇದ್ರೆ ಹೇಳು. ಇಬ್ರೂ ಇಲ್ಲೇ ಕೂತ್ಕೊಳ್ಳುವಾ. ಮೋಸೆಸನ ಅಮ್ಮನ ಹತ್ರ ಬಾಳೆಕಾಯಿ ಉಂಟು."

ಆಗ ಹೇಳಬಹುದಿತ್ತು. ಏಕೆ ಹೇಳಲಿಲ್ಲ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಗೊರಿಲ್ಲಾ ನೋಡುವ ಆಸೆ ನನಗೆ ಅಂಥದ್ದೇನೂ ಇರಲಿಲ್ಲ. ಯಾರಾದರೂ "ಹುಷಾರಾಗಿದ್ದೀಯಾ" ಎಂದು ಕೇಳಿದರೆ ಹೌದೆನ್ನುವುದು ನನ್ನ ಮೈಗೆ ಅಂಟಿಹೋಗಿತ್ತು. ಫೇಲ್ ಆಗಬಾರದು, ಅಷ್ಟೇ. ಯಾವ ಪರೀಕ್ಷೆ, ಯಾರಿಗಾಗಿ ಎಂಬುದು ತಲೆಯಲ್ಲಿ ಇರಲಿಲ್ಲ.

ಕಾಡಿನ ಬುಡದಲ್ಲಿ ನಮ್ಮ ತಂಡ ಸೇರಿತು. ನಾವಿಬ್ಬರು, ಒಂದು ಜರ್ಮನ್ ದಂಪತಿ, ಇನ್ನಿಬ್ಬರು ವಿದೇಶಿ ಹುಡುಗಿಯರು. ಗೈಡ್ ಒಬ್ಬಳು ಗಟ್ಟಿ ಹೆಂಗಸು, ಹಸಿರು ಸಮವಸ್ತ್ರ, ಮೃದು ಮಾತು. ಜ್ವರ, ಕೆಮ್ಮು, ಭೇದಿ ಯಾವುದಿದ್ದರೂ ಈಗಲೇ ಹೇಳಿ, ನಾಚಿಕೆಪಡುವಂಥದ್ದೇನಿಲ್ಲ, ಈ ಕುಟುಂಬದಲ್ಲಿ ಎಳೆಯ ಮರಿಯೊಂದಿದೆ ಎಂದಳು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ನನ್ನ ಎದುರು ನಿಂತಳು.

"ನೀವು ಸರ್?"

"ಫಿಟ್ ಮೇಡಂ," ಎಂದೆ. "ಫುಲ್ ಫಿಟ್."

ಪಕ್ಕದಲ್ಲಿದ್ದ ಪೊರ್ಬುಗಳು ಆ ಮಾತು ಕೇಳಿ ಸ್ವಲ್ಪ ಬೆಚ್ಚಿದಂತೆ ಕಂಡಿತು.

ಏರು ಕಡಿದಾಗಿತ್ತು. ದಾರಿ ಎಂಬುದಿರಲಿಲ್ಲ. ಮುಂದಿನವರು ಕತ್ತಿಯಿಂದ ಬಳ್ಳಿ ಕಡಿದಲ್ಲಿ ಕಾಲಿಡುವುದು. ಕೆಳಗೆ ನೆಲವೇ ಸಿಗುತ್ತಿರಲಿಲ್ಲ, ಬಳ್ಳಿಗಳ ಮೇಲೆಯೇ ನಡೆದಂತೆ. ಎಲ್ಲ ಕಡೆ ಒದ್ದೆ, ಎಲ್ಲ ಕಡೆ ಹಸಿರು, ಬಿಸಿಲು ಎಲ್ಲೋ ಮೇಲೆಯೇ ಉಳಿದುಹೋಗಿತ್ತು. ಮರಳುಗಾಡಿನಲ್ಲಿ ಒಣಗಿದ ನಮ್ಮಿಬ್ಬರ ಚರ್ಮಕ್ಕೆ ಅದು ಹೊಸದು. ಪೊರ್ಬುಗಳ ಮೊಣಕಾಲು ಕೈಕೊಡುತ್ತಿತ್ತು. ಬ್ಯಾಗ್ ಹೊತ್ತ ಪೋರ್ಟರ್ ಹಿಂದಿನಿಂದ ತಳ್ಳುತ್ತಿದ್ದ. ಅವರು ಏದುಸಿರು ಬಿಡುತ್ತ, "ಐರಿನ್‌ಗೆ ಈ ಏರು ತೋರಿಸ್ಬೇಕಿತ್ತು. ಪಪ್ಪಾಯಿ ಮರ ಅಂತೆ!" ಎಂದು ನಗುತ್ತಿದ್ದರು. ಅವರ ಮುಖ ಅಷ್ಟು ಹರೆಯದ್ದಾಗಿ ಕಂಡದ್ದು ಅದೊಂದೇ ದಿನ.

ಕೊನೆಗೆ ಗೈಡ್ ಕೈಯೆತ್ತಿ ನಿಲ್ಲಿಸಿದಳು. ಬ್ಯಾಗು ಕೋಲು ಎಲ್ಲ ಇಲ್ಲೇ ಬಿಡಿ, ಆ ಪೊದೆಯ ಆಚೆಗೇ ಇದ್ದಾರೆ ಎಂದು ಪಿಸುಗುಟ್ಟಿದಳು. ಕಾಂಡ ಮುರಿಯುವ ಸದ್ದು ಕೇಳಿಸಿತು. ಬೆವರು, ಹೊಗೆ ಬೆರೆತಂಥ ಒಂದು ಗಟ್ಟಿ ವಾಸನೆ ಬಂತು. ಪೊರ್ಬುಗಳು ಅಂಗಿ ಸರಿಮಾಡಿಕೊಂಡು, ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ನಿಜವಾಗಿ. ಜರ್ಮನ್ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಆಗಲೇ ನನ್ನ ಗಂಟಲು ಕೆರೆಯಿತು. ನಾಲಿಗೆ ಮೇಲೆ ಒತ್ತಿದೆ. ಗದ್ದ ಇಳಿಸಿದೆ. ಮೂಗಿನಲ್ಲಿ ಮೆಲ್ಲಗೆ ಉಸಿರೆಳೆದೆ. ಕಣ್ಣಲ್ಲಿ ನೀರು ತುಂಬಿತು. ಒಂದೇ ಒಂದು ಕೆಮ್ಮು, ಬಾಯಿ ಮುಚ್ಚಿದ್ದರೂ, ಎದೆ ಒಡೆದುಕೊಂಡು ಬಂತು.

ಅದು ಕೇಳಿದೊಡನೆ ನನ್ನ ಪಕ್ಕದಲ್ಲಿದ್ದ ಪೊರ್ಬುಗಳ ಬಲಗೈ ಜೇಬಿಗೆ ಹೋಯಿತು. ಗೈಡ್ ತಿರುಗಿ ನೋಡಿದಾಗ ಕಂಡದ್ದು ಅದು: ಬೆವರಿಳಿಯುತ್ತಿರುವ, ಏದುಸಿರು ಬಿಡುತ್ತಿರುವ ಮುದುಕ ಜೇಬಿನಿಂದ ಏನನ್ನೋ ತೆಗೆಯುತ್ತಿದ್ದಾನೆ.

"ಸರ್, ಕೆಮ್ಮಿದ್ದು ನೀವಾ?"

ಪೊರ್ಬುಗಳು ನನ್ನತ್ತ ನೋಡಿದರು. ಸಿಟ್ಟಿನಿಂದಲ್ಲ. ಸಾಲಿನಲ್ಲಿ ತನ್ನ ಸರದಿ ಬಂದವನನ್ನು ನೋಡುವಂತೆ, ಹೋಗು, ಹೇಳು, ಎಂಬಂತೆ. ಕಾದರು. ನಾನು ನನ್ನ ಶೂ ನೋಡಿದೆ. ಶೂಗೆ ಅಂಟಿದ ಒಂದು ಎಲೆ ನೋಡಿದೆ.

"ಹೌದು ಮೇಡಂ, ನಾನೇ," ಎಂದರು ಪೊರ್ಬುಗಳು.

ಅವಳು ಬೇಸರದಿಂದಲೇ ಹೇಳಿದಳು. ಕ್ಷಮಿಸಿ, ನೀವು ಮುಂದೆ ಬರುವಂತಿಲ್ಲ, ಪೋರ್ಟರ್ ಜೊತೆ ಕೆಳಗಿಳಿಯಿರಿ. ಪೊರ್ಬುಗಳು ತಲೆಯಾಡಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಅವಳಿಗೂ ಅರ್ಥವಾಗುವಂತೆ ಮೊದಲು ಇಂಗ್ಲಿಷಿನಲ್ಲಿ "ಮೈ ಫ್ರೆಂಡ್ ವಿಲ್ ಕಮ್ ವಿತ್ ಮಿ" ಎಂದರು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ:

"ಬಾ ಶಂಕ್ರಪ್ಪ. ನನ್ನ ಕಾಲು ನೋಯ್ತದೆ. ನನ್ನನ್ನು ಕೆಳಗೆ ಕರ್ಕೊಂಡು ಹೋಗು. ಯಾರಿಗೂ ಎಂತದೂ ಗೊತ್ತಾಗುದಿಲ್ಲ. ಅಲ್ಲಿ ಮರಿ ಉಂಟಂತೆ ಮಾರಾಯ."

ಎಲ್ಲವನ್ನೂ ಅವರೇ ಮಾಡಿಟ್ಟಿದ್ದರು. ನನ್ನ ಮಾನ ಉಳಿಸಿದ್ದರು, ಇಳಿದು ಹೋಗಲು ನೆಪ ಕೊಟ್ಟಿದ್ದರು. ತಾವು ಜನ್ಮವಿಡೀ ಕಾದದ್ದು ಪೊದೆಯ ಆಚೆಗೇ ಕಾಂಡ ಮುರಿದು ತಿನ್ನುತ್ತಿದ್ದಾಗ, ಅದರ ಮರಿ ಉಳಿಯಲಿ ಎಂದು ತಿರುಗಿ ನಿಂತಿದ್ದರು. ನಾನು ಅವರ ಹಿಂದೆ ನಡೆಯಬೇಕಿತ್ತು, ಅಷ್ಟೇ.

ನಾನು ಹೇಳಿದ್ದು ಇದು: "ಪೋರ್ಟರ್ ಅದಾನಲ್ರಿ ಅಣ್ಣಾರ. ಇಬ್ಬರದೂ ಯಾಕ ಹಾಳಾಗಬೇಕು? ನಾ ನೋಡಿ ಬರ್ತೀನ್ರಿ. ಬಂದು ಎಲ್ಲಾ ನಿಮಗ ಹೇಳ್ತೀನಿ."

ಇಳಿದು ಹೋದರೆ ಕೆಮ್ಮಿದವನು ನಾನೇ ಎಂದು ಎಲ್ಲರಿಗೂ ತಿಳಿಯುತ್ತದೆಂಬ ಹೆದರಿಕೆ ಅದು. ಅಥವಾ ಅದೂ ನೆಪವಿರಬಹುದು. ಅವರು ಹೆಗಲ ಮೇಲಿನ ಕೈ ತೆಗೆದರು. "ಹಿಂದೆಯೇ ನಿಲ್ಲು," ಎಂದರು. "ಬಾಯಿಗೆ ಬಟ್ಟೆ ಕಟ್ಟಿಕೋ. ದಯವಿಟ್ಟು." ಅಷ್ಟು ವರ್ಷಗಳಲ್ಲಿ ಅವರು ನನಗೆ ದಯವಿಟ್ಟು ಎಂದದ್ದು ಅದೊಂದೇ ಸಲ.

ನಾನು ನೋಡಿದೆ. ಟವೆಲ್ ಬಾಯಿಗೆ ಸುತ್ತಿಕೊಂಡು, ಎಲ್ಲರ ಹಿಂದೆ ನಿಂತು ನೋಡಿದೆ. ಬೆಳ್ಳಿ ಬೆನ್ನಿನ ಗಂಡು ಒಂದು ಮರಕ್ಕೆ ಒರಗಿ ಕುಳಿತು ಕಾಂಡ ಸಿಗಿಯುತ್ತಿತ್ತು. ಬೆರಳುಗಳು ನಮ್ಮವೇ. ಉಗುರು ಗ್ಯಾರೇಜಿನವರ ಉಗುರಿನಂತೆ ಕಪ್ಪು. ತಾಯಿಯ ಎದೆಗಂಟಿದ ಮರಿ ತಲೆ ಹೊರಳಿಸಿ ನಮ್ಮನ್ನು ನೋಡಿ, ಸಣ್ಣ ಮುಷ್ಟಿಯಿಂದ ತನ್ನ ಎದೆ ಬಡಿದುಕೊಳ್ಳಲು ಹೋಗಿ ಜಾರಿ ಬಿತ್ತು. ಎಲ್ಲರೂ ಸದ್ದಿಲ್ಲದೆ ನಕ್ಕರು. ಆಗ ದೊಡ್ಡದು ಎರಡು ಸಲ ಗಂಟಲಲ್ಲೇ ಕೆಮ್ಮಿದಂತೆ ಸದ್ದು ಮಾಡಿತು. ಅದು ಕೆಮ್ಮಲ್ಲ, ದೂರ ಇರಿ ಎಂಬ ಎಚ್ಚರಿಕೆ ಎಂದಳು ಗೈಡ್. ಅದು ನನ್ನ ಕಡೆಗೇ ನೋಡುತ್ತಿತ್ತು. ಕಂದು ಕಣ್ಣು. ಪೊರ್ಬುಗಳು ಹೇಳಿದ್ದು ಸರಿ, ಆ ಮುಖದಲ್ಲಿ ಯಾರ ಹೆದರಿಕೆಯೂ ಇರಲಿಲ್ಲ. ನಾನು ಅದರ ಎದುರು ಉಸಿರು ಬಿಗಿಹಿಡಿದು ನಿಂತಿದ್ದೆ, ಎಕ್ಸ್‌ರೇ ಯಂತ್ರದ ಮುಂದೆ ನಿಂತ ಹಾಗೆ. ಆ ಹೊತ್ತಿನಲ್ಲಿ ನನಗೆ ಹೆಚ್ಚು ನೆನಪಿರುವುದು ನನ್ನ ಗಂಟಲೇ.

ಇಳಿದು ಬಂದಾಗ ಪೊರ್ಬುಗಳು ಮೋಸೆಸನ ಮನೆಯ ಮುಂದೆ ಬೆಂಚಿನ ಮೇಲೆ ಕುಳಿತು ಕಿತ್ತಳೆ ಬಿಡಿಸುತ್ತಿದ್ದರು. ಬೈಯುತ್ತಾರೆಂದು ಕಾದೆ.

"ಕೂತ್ಕೋ," ಎಂದರು. "ಹೇಳು."

ಎಲ್ಲ ಹೇಳಿದೆ. ಉಗುರು, ಬೆನ್ನು, ಮರಿ ಬಿದ್ದದ್ದು. ಅವರು ನಡುನಡುವೆ ಕೇಳುತ್ತಿದ್ದರು. ಮೂಗು ಹೇಗೆ? ಕಣ್ಣಿನ ಬಣ್ಣ ಎಂತದು? ಕೂರುವಾಗ ಕಾಲು ಚಾಚ್ತದಾ, ಮಡಿಸ್ತದಾ? ಆ ಕೆಮ್ಮಿನ ಮಾತು ಹೇಳಿದಾಗ ಸಣ್ಣಗೆ ನಕ್ಕರು. "ಕೆಮ್ಲಿ ಬಿಡು. ಅವನಿಗೆ ಮೆಡಿಕಲ್ ಇಲ್ಲ."

ನಾನು "ಅಣ್ಣಾರ, ಇವತ್ತು ನಾನು..." ಎಂದು ಬಾಯಿ ತೆರೆದೆ.

"ಖಲಾಸ್," ಎಂದರು. ಕಿತ್ತಳೆಯ ಅರ್ಧ ನನ್ನ ಕೈಗಿಟ್ಟರು. ನಂತರ ಒಂದೇ ಒಂದು ಮಾತು ಸೇರಿಸಿದರು: "ಕಲಿಸಿದ್ದು ನಾನೇ ಅಲ್ವಾ."

ದುಬೈಗೆ ಮರಳಿದ ಮೇಲೆ ಅವರು ಆ ಬಗ್ಗೆ ಮಾತೆತ್ತಲಿಲ್ಲ. ಆದರೆ ಪ್ರತಿ ಶುಕ್ರವಾರ ಪೂಜೆ ಮುಗಿಸಿ ಬಂದವರು ಮೊದಲು ಗೇಟಿನ ಕ್ಯಾಬಿನ್ನಿಗೆ ಹೋಗುತ್ತಿದ್ದರು. ಮೋಸೆಸನೇ ಒಮ್ಮೆ ನಗುತ್ತ ನನಗೆ ಹೇಳಿದ: "ಬುಡ್ಡಾ ವಾರವಾರವೂ ಬಂದು ಫ್ಯಾಮಿಲಿ ಹೇಗಿದೆ ಅಂತ ಕೇಳುತ್ತಾನೆ. ಅಮ್ಮ ಚೆನ್ನಾಗಿದ್ದಾಳೆ ಅಂದರೆ, ಅಮ್ಮ ಅಲ್ಲ, ಆ ಫ್ಯಾಮಿಲಿ, ಮರಿ ಹೇಗಿದೆ ಅಂತಾನೆ. ಊರಿಗೆ ಫೋನ್ ಮಾಡಿ ತಮ್ಮನನ್ನು ವಿಚಾರಿಸುವ ತನಕ ಬಿಡುವುದಿಲ್ಲ." ಏನಂತೆ ಮರಿ ಎಂದು ನಾನು ಕೇಳಬಹುದಿತ್ತು. ಕೇಳಲು ಧೈರ್ಯ ಸಾಲದೆ ಒಳಗೆ ಹೋದೆ. ಕೆಲವು ತಿಂಗಳ ಮೇಲೆ, ನಿವೃತ್ತಿಯ ವಯಸ್ಸಾಯಿತೆಂದು, ಕಂಪನಿಯವರು ಪೊರ್ಬುಗಳ ವೀಸಾ ರದ್ದು ಮಾಡಿಸಿ ಊರಿಗೆ ಕಳಿಸಿದರು. ಕ್ಯಾಂಪಿನ ಗೇಟಿನಲ್ಲಿ ಎಲ್ಲರ ಹೆಗಲನ್ನೂ ಮುಟ್ಟಿ ಹೋದರು. ನನ್ನದನ್ನೂ. ಆಮೇಲೆ ಆ ಪ್ರಶ್ನೆ ಕೇಳುವವರು ಕ್ಯಾಂಪಿನಲ್ಲಿ ಯಾರೂ ಉಳಿಯಲಿಲ್ಲ. ನಾನು ಕೇಳಬೇಕಿತ್ತು. ಮೋಸೆಸ್ ಇನ್ನೂ ಎರಡು ವರ್ಷ ಅದೇ ಗೇಟಿನಲ್ಲಿದ್ದ. ಅವನಿಗೆ ಸಲಾಂ ಹೇಳಿ ಹಾದುಹೋಗುತ್ತಿದ್ದೆ. ಆ ಮರಿ ಬದುಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕೆಲಸ ಬಿಟ್ಟು ಬಂದ ಮೇಲೆ ಒಮ್ಮೆ ಕಿನ್ನಿಗೋಳಿಗೆ ಹೋದೆ. ಕ್ಷಮೆ ಕೇಳಲೆಂದೇ ಹೋಗಿದ್ದೆ. ತಡವಾಗಿತ್ತು. ರಸ್ತೆ ಬದಿಯ ಸಣ್ಣ ತಾರಸಿ ಮನೆ, ಗೋಡೆಯಲ್ಲಿ ಪೊರ್ಬುಗಳ ಫೋಟೊ, ಅದರ ಕೆಳಗೆ ಮೊಂಬತ್ತಿ. ಐರಿನ್ ಬಾಯಿ ನನ್ನನ್ನು ಹೆಸರಿನಿಂದಲೇ ಗುರುತಿಸಿದರು.

"ಓ, ಶಂಕ್ರಪ್ಪನಾ? ಬನ್ನಿ ಬನ್ನಿ, ಕೂತ್ಕೊಳ್ಳಿ. ನಿಮ್ಮ ಸುದ್ದಿ ಎಷ್ಟು ಹೇಳ್ತಿದ್ರು ಗೊತ್ತುಂಟಾ?"

ಅವರು ಚಹಾ ತಂದಿಟ್ಟು ಎದುರು ಕುಳಿತರು.

"ಆಫ್ರಿಕಾದ ಕಥೆ ಅಂತೂ ದಿನಾ. ಬೆನ್ನು ಬೆಳ್ಳಿ ಬಣ್ಣವಂತೆ, ಉಗುರು ನಮ್ಮ ಹಾಗೇ ಅಂತೆ. ಮರಿ ಎದೆ ಬಡಿಲಿಕ್ಕೆ ಹೋಗಿ ಬಿತ್ತಂತೆ. ಅದು ಮನುಷ್ಯರ ಹಾಗೆ ಕೆಮ್ಮುತ್ತದಂತೆ ಅಲ್ವಾ? ನೋಡಿದ ಮೇಲೆ ಅವರಿಗೆ ಒಂಥರಾ ಸಮಾಧಾನ. ಆದ್ರೆ ನಿಮ್ಮ ವಿಷಯಕ್ಕೆ ಭಾರೀ ಬೇಸರ ಇತ್ತು ಅವರಿಗೆ."

"ನನ್ನ ವಿಷಯಾರಿ?"

"ಪಾಪ, ಅಷ್ಟು ದೂರ ಹೋಗಿ ನಿಮಗೆ ನೋಡ್ಲಿಕ್ಕೆ ಆಗ್ಲಿಲ್ಲ ಅಲ್ಲ. ನಿಮಗೆ ಕೆಮ್ಮು ಬಂತಂತೆ. ಯಾರೂ ಕೇಳುವ ಮೊದಲೇ ನೀವೇ ಹೇಳಿ ಕೆಳಗೆ ಉಳಿದ್ರಂತೆ, ಮರಿಗೆ ಅಂಟ್ತದೆ ಅಂತ. ಶಂಕ್ರಪ್ಪನಂಥ ಮನುಷ್ಯನನ್ನು ನಾನು ಗಲ್ಫಿನಲ್ಲಿ ನೋಡ್ಲಿಲ್ಲ ಐರಿನ್ ಅಂತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡು ಫೋಟೊ ಕಡೆ ನೋಡಿದರು. "ಅವರು ನೋಡಿದ್ರಲ್ಲ, ಅಷ್ಟು ಸಾಕು. ಜನ್ಮದಲ್ಲಿ ಅದೊಂದು ಆಸೆ ಪಟ್ಟಿದ್ರು. ನೋಡಿದ್ರು ಅಲ್ವಾ? ನೀವು ಅಲ್ಲೇ ಇದ್ರಿ."

ಬಾಯಿತನಕ ಬಂದ ಮಾತು ಅಲ್ಲೇ ನಿಂತಿತು. ನಾಲಿಗೆ ಮೇಲೆ ಒತ್ತಿಕೊಂಡಿತು, ಗದ್ದ ಕೆಳಗಿಳಿಯಿತು.

"ಹೌದ್ರಿ ಅಮ್ಮಾರ," ಎಂದೆ. "ನೋಡಿದ್ರು."

ಐರಿನ್ ಬಾಯಿಯವರು ಹೋದ ವರ್ಷ ತೀರಿಕೊಂಡರೆಂದು ತಿಳಿಯಿತು. ಇನ್ನು ಈ ಮಾತಿನಿಂದ ಯಾರಿಗೂ ನೋವಾಗುವುದಿಲ್ಲ. ಅಲ್ಲಿಯ ತನಕ ಕಾದವನು ನಾನು. ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಆ ಕಾಡಿನಲ್ಲಿ ಬೆಳ್ಳಿ ಬೆನ್ನನ್ನೂ ಮರಿಯನ್ನೂ ನೋಡಿದವನು ನಾನು. ಕೆಮ್ಮಿದವನೂ ನಾನು. ಗ್ರೆಗರಿಯವರು ತಲೆ ಬಾಚಿಕೊಂಡು, ಪೊದೆಯ ಈಚೆಗೇ ನಿಂತು, ಅಲ್ಲಿಂದಲೇ ಇಳಿದು ಹೋದರು.